ಮೇಲಿನ ಹುಲ್ಲುಗಾವಲಿಗೆ ಪರ್ಮಿಟ್ಟು

ಮಾರ್ಚ್ ೧೮

ಗೇಟು ಕಚೇರಿಯವರಿಗೆ,

ನಾನು ಸಸ್ಯಶಾಸ್ತ್ರದ ಪ್ರಾಧ್ಯಾಪಕ. ನಿಮ್ಮ ಸಂರಕ್ಷಿತ ಬೆಟ್ಟದ ಬಗ್ಗೆ ನಾನು ಬರೆದ ಪುಸ್ತಕ ತಮ್ಮ ಕಪಾಟಿನಲ್ಲೂ ಇರಬಹುದು. ಇಪ್ಪತ್ತೇಳು ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಲ್ಲಿಯ ಕಾಡು ಹುಲ್ಲುಗಾವಲುಗಳಲ್ಲಿ ಗಿಡಗಳ ಪಟ್ಟಿ ಮಾಡುತ್ತಾ ಮೂರು ವರ್ಷ ಅಲೆದಿದ್ದೇನೆ. ಈಗ ಪುಸ್ತಕದ ಹೊಸ ಆವೃತ್ತಿ ಬರುತ್ತಿದೆ. ಕಾಡಿನ ಅಂಚಿನಲ್ಲಿ ಕಟ್ಟುತ್ತಿರುವ ತಂಗುದಾಣಕ್ಕೆ ನನ್ನ ಹೆಸರಿಡುವ ಮಾತೂ ನಡೆದಿದೆ, ತಮಗೆ ತಿಳಿದಿರಬಹುದು.

ಸೆಪ್ಟೆಂಬರಿನಲ್ಲಿ ನೀಲಿ ಹೂ ಅರಳುವ ಹೊತ್ತಿಗೆ ಮೇಲಿನ ಹುಲ್ಲುಗಾವಲಿಗೆ ಒಮ್ಮೆ ಹೋಗಿಬರಬೇಕೆಂದಿದ್ದೇನೆ. ಅದು ಈಗ ಜನರಿಗೆ ಮುಚ್ಚಿದೆಯೆಂದು ಕೇಳಿದೆ. ವಿಶೇಷ ಪರ್ಮಿಟ್ಟು ದಯಪಾಲಿಸಬೇಕು. ಸೊಂಟದ ಆಪರೇಶನ್ ಆಗಿದೆ, ಆದರೂ ಕೋಲು ಹಿಡಿದು ನಡೆಯಬಲ್ಲೆ. ಜೊತೆಗೆ ಯಾರೂ ಬೇಡ. ದಾರಿ ಬಲ್ಲೆ.

ಇತಿ ವಿಶ್ವಾಸಿ,
ಪ್ರಾಧ್ಯಾಪಕ


ಮಾರ್ಚ್ ೨೭

ಅತ್ತಿಗೆ,

ಬಂತು. ಅವನ ಕಾಗದ ಬಂತು. ಟೇಬಲ್ಲಿನ ಮೇಲಿದೆ, ಮೇಲೆ ಗೇಟಿನ ಹಿತ್ತಾಳೆ ಶಿಳ್ಳೆ ಇಟ್ಟಿದ್ದೇನೆ ಹಾರದಿರಲಿ ಎಂದು. ಬೆಳಗಿನಿಂದ ನಾಲ್ಕು ಸಲ ಓದಿದೆ, ನಾಲ್ಕು ಸಲವೂ ಮೈ ಉರಿದುಹೋಯಿತು. "ದಾರಿ ಬಲ್ಲೆ"ಯಂತೆ! ಬಲ್ಲ, ಬಲ್ಲದೆ ಏನು.

ನಿನಗೆ ಎಂಟು ವರ್ಷದಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ.

ನಾನು ಈ ಗೇಟಿನ ಗುಮಾಸ್ತೆಯಾಗಿ ಸೇರಿದ ದಿನ ಹಳೆಯ ಗೇಟಿನ ಮುದುಕ ಕೀಲಿ ಒಪ್ಪಿಸಿ ಕೆಲಸ ಹೇಳಿಕೊಟ್ಟ. ಬೆಟ್ಟ ಹತ್ತುವವರು ಬೆಳಿಗ್ಗೆ ರಿಜಿಸ್ಟರಿನಲ್ಲಿ "ಒಳಗೆ" ಎಂಬಲ್ಲಿ ಸಹಿ ಹಾಕಬೇಕು, ಸಂಜೆ ಆರರೊಳಗೆ ಇಳಿದು "ಹೊರಗೆ" ಎಂಬಲ್ಲಿ ಹಾಕಬೇಕು. ಒಂದು ಸಹಿ ಕಡಿಮೆ ಬಿದ್ದರೂ ಶಿಳ್ಳೆ ಊದಬೇಕು, ಹುಡುಕಲು ಜನ ಹೊರಡಬೇಕು. ಇಷ್ಟು ಹೇಳಿ ಮುದುಕ ನಕ್ಕ. "ಹಿಂದೆ ಇಬ್ರಿದ್ರಮ್ಮ, ಗಿಡ ಹುಡುಕೋರು. ತಡ ಆದ್ರೆ ಒಂದು ತಿಂಗಳು ಪರ್ಮಿಟ್ ಕಟ್ ಅಲ್ವಾ? ಅದಕ್ಕೆ ಯಾರು ಮೊದ್ಲು ಇಳೀತಾರೋ ಅವ್ರೇ ಇಬ್ರದ್ದೂ ಸಹಿ ಜಡಿಯೋರು. ಇನ್ನೊಬ್ಬ ಕತ್ತಲಾದ್ಮೇಲೆ ಮೋರಿಯಿಂದ ನುಸುಳೋನು. ನಾನೂ ಕಂಡೂ ಕಾಣದ ಹಾಗೆ ಇರ್ತಿದ್ದೆ, ಹುಡುಗ್ರು ಪಾಪ ಅಂತ."

ಮುದುಕನಿಗೆ ನಾನು ಯಾರ ತಂಗಿಯೆಂದು ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಅವನು ಬಸ್ಸು ಹತ್ತಿದ್ದೇ ತಡ, ಅಟ್ಟ ಹತ್ತಿ ಹಳೆಯ ರಿಜಿಸ್ಟರುಗಳನ್ನೆಲ್ಲ ಕೆಳಗೆ ಸುರಿದೆ. ಅಣ್ಣ ಹೋದ ದಿನದ ಪುಟ ಸಿಕ್ಕಿತು.

ಆ ಬೆಳಿಗ್ಗೆ ಅವನ ಹೆಬ್ಬೆರಳಿಗೆ ಬಟ್ಟೆ ಕಟ್ಟಿದವಳು ನೀನೇ. ಹಿಂದಿನ ದಿನ ಗಿಡ ಒತ್ತುವ ಹಲಗೆಯ ಸಂದಿಗೆ ಬಲಗೈ ಸಿಕ್ಕಿಸಿಕೊಂಡು ಬಂದಿದ್ದನಲ್ಲ, ಗುಂಡಿ ಹಾಕಿಕೊಳ್ಳಲೂ ಆಗದೆ ನಿನ್ನ ಕೈಲಿ ಹಾಕಿಸಿಕೊಂಡ. ಪುಟದಲ್ಲಿ "ಒಳಗೆ" ಸಹಿ ಹಾಗೇ ಇದೆ: ಎಡಗೈಯಲ್ಲಿ ಗೀಚಿದ್ದು, ವಕ್ರವಕ್ರ, ಗೆರೆ ದಾಟಿ ಪಕ್ಕದ ಮನೆಗೆ ಹೋಗಿದೆ. "ಹೊರಗೆ" ಸಹಿ ಮಾತ್ರ ಗುಂಡುಗುಂಡಾಗಿ, ಮುದ್ದಾಗಿ, ಅಣ್ಣನ ಎಂದಿನ ಸಹಿಯ ತದ್ರೂಪು. ಬೆಳಿಗ್ಗೆ ಎಡಗೈಯಲ್ಲಿ ಹೋದವನು ಸಂಜೆ ಬಲಗೈಯಲ್ಲಿ ಬಂದನೇ ಅತ್ತಿಗೆ?

ಮೂರನೇ ದಿನ ನಾನು ಈ ಪ್ರಾಧ್ಯಾಪಕನ ಬಾಗಿಲಿಗೆ ಹೋಗಿ ಅತ್ತೆನಲ್ಲ. ಊಟ ಮುಗಿಸಿ ಟವೆಲಿಗೆ ಕೈ ಒರೆಸಿಕೊಳ್ಳುತ್ತಾ ಬಂದ. "ನನ್ನ ಕಣ್ಣೆದುರೇ ಸಹಿ ಹಾಕಿದ. ಎಲ್ಲಿಗೋ ಹೋಗಬೇಕು ಅಂತಿದ್ದ" ಎಂದ. ಅದನ್ನು ನಂಬಿ ನಾವು ಬಸ್ ನಿಲ್ದಾಣ, ಲಾಡ್ಜು, ಆಸ್ಪತ್ರೆ ಎಂದು ಹನ್ನೊಂದು ದಿನ ಸುತ್ತಿದೆವು. ಊರೆಲ್ಲ ನಿನ್ನ ಬೆನ್ನ ಹಿಂದೆ ಹೆಂಡತಿಯನ್ನು ಬಿಟ್ಟು ಓಡಿಹೋದ ಎಂದು ನಕ್ಕಿತು. ಹನ್ನೆರಡನೇ ದಿನ, ಕಾಳ್ಗಿಚ್ಚು ಹರಡದಂತೆ ಬೆಂಕಿರೇಖೆ ಕಡಿಯುವವರಿಗೆ ಮೇಲಿನ ಹುಲ್ಲುಗಾವಲಿನ ಬಂಡೆಯ ಕೆಳಗೆ ಅಣ್ಣ ಸಿಕ್ಕಿದ, ಕಾಲು ಮುರಿದು. ಆಗಲೂ ಈ ಮಹಾನುಭಾವ ಏನೆಂದ? "ಅವನಿಗೆ ಗಿಡದ ಹುಚ್ಚು. ಸಹಿ ಹಾಕಿ ಮತ್ತೆ ಒಳಗೆ ನುಸುಳಿರಬೇಕು." ಗೇಟಿನ ಮುದುಕನೂ ಸೇರಿ ಎಲ್ಲರೂ ತಲೆಯಾಡಿಸಿದರು.

ಅಣ್ಣನ ನೋಟ್‌ಬುಕ್ಕಿನಲ್ಲಿ ನಾಲ್ಕು ದಿನದ ಬರಹವಿತ್ತು. ಕೈಗೆ ಎಟುಕುವಷ್ಟು ಜಾಗದಲ್ಲಿ ಕಂಡ ಹದಿನೇಳು ಜಾತಿಯ ಗಿಡಗಳ ಪಟ್ಟಿ, ಅದೇ ಎಡಗೈಯಲ್ಲಿ. ನಾಲ್ಕನೇ ದಿನ ಒಂದೇ ಸಾಲು: "ನಾನು ಇಳಿದಿಲ್ಲವೆಂದು ಅವನಿಗೆ ಗೊತ್ತು, ಬರುತ್ತಾನೆ." ಆ ಸಾಲನ್ನು ನಾವು ಜ್ವರದ ಬಡಬಡಿಕೆ ಎಂದುಕೊಂಡಿದ್ದೆವು. ನಾನು ಅವನ ಬಾಗಿಲಲ್ಲಿ ನಿಂತಿದ್ದ ದಿನ ಅಣ್ಣ ಬದುಕಿದ್ದ.

ನಿನಗೆ ಹೇಳಿದ್ದರೆ ದೂರು ಕೊಡು ಎನ್ನುತ್ತಿದ್ದೆ. ದೊಡ್ಡ ಮನುಷ್ಯ, ಎರಡು ಮಾತಿನಲ್ಲಿ ಜಾರಿಕೊಳ್ಳುತ್ತಿದ್ದ. ಅದಕ್ಕೇ ಕಾದೆ. ಪುಸ್ತಕ ಬರೆದವನಿಗೆ ಬೆಟ್ಟದ ಆಸೆ ಬಿಡುವುದಿಲ್ಲ, ಒಂದಲ್ಲ ಒಂದು ದಿನ ಈ ಗೇಟಿಗೆ ಬಂದೇ ಬರುತ್ತಾನೆ ಎಂದು ಕಾದೆ. ಈಗ ನೋಡು.

ಅವನು ಹತ್ತಲಿ. ಮಧ್ಯಾಹ್ನ ಹನ್ನೆರಡಕ್ಕೆ ಅವನ "ಹೊರಗೆ" ಸಹಿ ನಾನೇ ಹಾಕುತ್ತೇನೆ. ಆರಕ್ಕೆ ಬೀಗ ಜಡಿದು ಮನೆಗೆ ಹೋಗುತ್ತೇನೆ. ಆ ಮೋರಿಗೆ ಈಗ ಕಬ್ಬಿಣದ ಕಂಬಿ ಹಾಕಿದ್ದಾರೆ.

ನಿನ್ನ,
ನಾದಿನಿ


ಏಪ್ರಿಲ್ ೩

ಮಾನ್ಯರೇ,

ತಮ್ಮ ಅರ್ಜಿ ತಲುಪಿ ಸಂತೋಷವಾಯಿತು. ತಮ್ಮಂಥವರು ಬರುವುದು ಈ ಬೆಟ್ಟದ ಭಾಗ್ಯ. ಸೆಪ್ಟೆಂಬರ್ ಹದಿನೈದರಂದು ತಮ್ಮೊಬ್ಬರಿಗೇ ಪರ್ಮಿಟ್ಟು ಮಂಜೂರಾಗಿದೆ. ಅಂದು ಕಾವಲಿನವರೆಲ್ಲ ಕೆಳಗೆ ಸಭೆಗೆ ಹೋಗಿರುತ್ತಾರೆ, ಆದ್ದರಿಂದ ತಮ್ಮ ಏಕಾಂತಕ್ಕೆ ಯಾರಿಂದಲೂ ಭಂಗವಿರದು. ಗೇಟಿನಲ್ಲಿ ನಾನಿರುತ್ತೇನೆ.

ಇತಿ,
ಗೇಟಿನ ಗುಮಾಸ್ತೆ


ಏಪ್ರಿಲ್ ೧೬

ತಂಗಿ,

ನಿನ್ನ ಕಾಗದ ಅಂಗಡಿಗೇ ಬಂತು. ಒಂದು ಕೋಟಿಗೆ ತೋಳು ಕೂಡಿಸುತ್ತಿದ್ದೆ. ಓದಿ ಮುಗಿಸಿ ಮತ್ತೆ ಯಂತ್ರ ತುಳಿದೆ, ತೋಳು ತಿರುಗುಮುರುಗಾಗಿ ಕೂತಿತು. ಮೂವತ್ತು ವರ್ಷದಲ್ಲಿ ನಾನು ಹೀಗೆ ಹೊಲಿದಿದ್ದಿಲ್ಲ. ಬಿಚ್ಚಿ ಮತ್ತೆ ಹೊಲಿದೆ.

ಎಂಟು ವರ್ಷ ಮುಚ್ಚಿಟ್ಟದ್ದಕ್ಕೆ ಎದುರಿಗಿದ್ದಿದ್ದರೆ ಎರಡು ಬಿಗಿಯುತ್ತಿದ್ದೆ. ಇರಲಿ.

ಆ ಹೆಬ್ಬೆರಳಿಗೆ ಕಟ್ಟಿದ್ದು ನನ್ನ ಹಳೆಯ ಲಂಗದ ಅಂಚು. ಹೋಗುವಾಗ "ಸಂಜೆ ಬಂದು ಬಿಚ್ತೀನಿ, ನೀನು ಮುಟ್ಟಬೇಡ, ನೋಯಿಸ್ತೀಯ" ಎಂದ. ಬಿಟ್ಟು ಹೋಗುವ ಗಂಡ ಹಾಗನ್ನುತ್ತಾನೆಯೇ ಎಂದು ಹನ್ನೊಂದು ದಿನ ನನ್ನನ್ನೇ ಕೇಳಿಕೊಂಡೆ. ಹನ್ನೊಂದನೇ ದಿನಕ್ಕೆ, ತಂಗಿ, ನಾನೂ ನಂಬಿಬಿಟ್ಟಿದ್ದೆ. ಅವನ ಅಂಗಿಗಳನ್ನೆಲ್ಲ ತೆಗೆದು ಒಲೆಗೆ ಹಾಕಿದ್ದೆ. ಇದು ನಿನಗೂ ಗೊತ್ತಿಲ್ಲ. ಮಾರನೇ ದಿನ ಹೆಣ ಬಂತು, ಹೊದಿಸಲು ಅವನದೊಂದು ಅಂಗಿ ಮನೆಯಲ್ಲಿರಲಿಲ್ಲ.

ಆ ಮನುಷ್ಯನನ್ನು ಸಾಯಿಸಬೇಡ ಎಂದು ನಾನು ಹೇಳುವುದಿಲ್ಲ. ಬುದ್ಧಿ ಹೇಳುವಷ್ಟು ಒಳ್ಳೆಯವಳು ನಾನಲ್ಲ. ಆದರೆ ಅವನು ಬೆಟ್ಟದ ಮೇಲೆ ಸತ್ತರೆ ಜನ ಪಾಪ ಎನ್ನುತ್ತಾರೆ, ತಂಗುದಾಣಕ್ಕೆ ಹೆಸರಿಡುತ್ತಾರೆ, ಹಾರ ಹಾಕುತ್ತಾರೆ. ನನಗೆ ಸಿಗುವುದೇನು? ನನ್ನ ಗಂಡ ನನ್ನನ್ನು ಬಿಟ್ಟು ಹೋಗಿರಲಿಲ್ಲ ಎಂದು ಆ ಮನುಷ್ಯನ ಕೈಬರಹದಲ್ಲೇ ಬೇಕು. ಸತ್ತವನ ಕೈಲಿ ಏನು ಬರೆಸುತ್ತೀಯ?

ಅತ್ತಿಗೆ


ಜೂನ್ ೯

ಪ್ರಿಯ ಗುಮಾಸ್ತೆಯವರೇ,

ಪರ್ಮಿಟ್ಟು ತಲುಪಿತು, ಕೃತಜ್ಞತೆಗಳು. ಬರುವಾಗ ನನ್ನ ಪುಸ್ತಕದ ಒಂದು ಪ್ರತಿ ತರುತ್ತೇನೆ. ಅದನ್ನು ನನ್ನ ಹಳೆಯ ಗೆಳೆಯನೊಬ್ಬನಿಗೆ ಅರ್ಪಿಸಿದ್ದೇನೆ. "ಹೇಳದೆ ಹೋದ ಗೆಳೆಯನಿಗೆ" ಎಂದು ಬರೆದಿದ್ದೇನೆ. ಓದಿದವರೆಲ್ಲ ಆ ಸಾಲನ್ನು ಮೆಚ್ಚುತ್ತಾರೆ.

ಸಣ್ಣದೊಂದು ವಿಚಾರಣೆ. ಹೊಸ ಆವೃತ್ತಿಯ ಮುನ್ನುಡಿಗೆ ಆ ಕಾಲದ ವಿವರಗಳು ಬೇಕಾಗಬಹುದು. ಗೇಟಿನ ಹಳೆಯ ರಿಜಿಸ್ಟರುಗಳು ಇನ್ನೂ ಇವೆಯೇ, ಅಥವಾ ವಿಲೇವಾರಿ ಆಗಿವೆಯೇ? ಅವಸರವೇನಿಲ್ಲ, ಆದರೂ ಬರುವ ಮೊದಲು ತಿಳಿದರೆ ಅನುಕೂಲ.

ತಮ್ಮ,
ಪ್ರಾಧ್ಯಾಪಕ


ಜೂನ್ ೧೭

ಮಾನ್ಯರೇ,

ಹಳೆಯ ರಿಜಿಸ್ಟರುಗಳೆಲ್ಲ ಗೆದ್ದಲು ಹಿಡಿದು ಪುಡಿಯಾಗಿ ಒಲೆಗೆ ಹೋಗಿವೆ. ಒಂದು ಹಾಳೆಯೂ ಉಳಿದಿಲ್ಲ. ನಿಶ್ಚಿಂತೆಯಿಂದ ಬನ್ನಿ.

ಇತಿ,
ಗೇಟಿನ ಗುಮಾಸ್ತೆ


ಸೆಪ್ಟೆಂಬರ್ ೧೪

ಅತ್ತಿಗೆ,

ನಾಳೆ. ಐದು ತಿಂಗಳಿಂದ ಅವನ ಸಹಿ ಅಭ್ಯಾಸ ಮಾಡುತ್ತಿದ್ದೇನೆ. ಕೊನೆಯ ಬಾಲ ಎಡಕ್ಕೆ ತಿರುಗುವುದು ಕಷ್ಟವಾಗಿತ್ತು, ಈಗ ಬಂತು. ಹಳೆಯ ಪತ್ರಿಕೆಗಳ ಅಂಚೆಲ್ಲ ಅವನೇ ತುಂಬಿದ್ದಾನೆ, ನೋಡಿದರೆ ವಾಕರಿಕೆ ಬರುತ್ತದೆ.

ನೀನು ಕೇಳಿದ್ದು ಮರೆತಿಲ್ಲ. ಹಳೆಯ ರಿಜಿಸ್ಟರನ್ನು ಒರೆಸಿ ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಅಣ್ಣನ ಸಾಲಿನ ಕೊನೆಯಲ್ಲಿ ಷರಾ ಬರೆಯುವ ಅಂಕಣ ಇಪ್ಪತ್ತೇಳು ವರ್ಷದಿಂದ ಖಾಲಿಯಿದೆ. ಅವನು ತಾನಾಗಿ ಇಳಿದು ಬಂದರೆ ಬರೆಸುತ್ತೇನೆ. ಇಳಿಯದಿದ್ದರೆ ನನ್ನನ್ನು ಏನೂ ಕೇಳಬೇಡ.

ನಾದಿನಿ


ಸೆಪ್ಟೆಂಬರ್ ೧೭

ಅತ್ತಿಗೆ,

ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ಈಗ ಮೊದಲಿಂದ ಹೇಳುತ್ತೇನೆ.

ಬೆಳಗಿನ ಬಸ್ಸಿಗೇ ಬಂದ. ತಲೆ ನರೆತಿದೆ, ಹೊಟ್ಟೆ ಬಂದಿದೆ, ಕೈಯಲ್ಲಿ ನುಣುಪಾದ ಕೋಲು. ನನ್ನ ಮುಖ ನೋಡಿ ನಕ್ಕ, ಗುರುತು ಹತ್ತಲಿಲ್ಲ. ಪುಸ್ತಕ ಕೊಟ್ಟ, ಮೇಜಿನ ಮೂಲೆಗೆ ಸರಿಸಿದೆ. ರಿಜಿಸ್ಟರು ತಿರುಗಿಸಿ "ಇಲ್ಲಿ ಸಹಿ ಹಾಕಿ ಸಾರ್. ಸಂಜೆ ಆರರೊಳಗೆ ಬಂದು ಪಕ್ಕದಲ್ಲಿ ಇನ್ನೊಂದು. ಅದು ಬೀಳದಿದ್ರೆ ಹುಡುಕೋಕೆ ಹೊರಡ್ತೀವಿ" ಎಂದೆ.

"ನಮ್ಮ ಕಾಲದಲ್ಲೂ ಇದೇ ರೂಲು" ಎಂದ. ಪೆನ್ನು ಹಿಡಿದ ಕೈ ಒಂದು ಗಳಿಗೆ ನಿಂತಿತು, ನಾನು ನೋಡಿದೆ. ಆಮೇಲೆ ಸಹಿ ಹಾಕಿ ಹೊರಟ.

ಪೈನ್ ಮರಗಳ ನಡುವೆ ಅವನ ಟೊಪ್ಪಿ ಮರೆಯಾಗುವವರೆಗೆ ನೋಡಿದೆ. ಹನ್ನೆರಡಕ್ಕೆ ಸರಿಯಾಗಿ ಅವನ "ಹೊರಗೆ" ಸಹಿ ಹಾಕಿದೆ. ಬಾಲ ಎಡಕ್ಕೇ ತಿರುಗಿತು. ರಾಮರಾಮಾ ಎಂದು ಎದೆ ಹೊಡೆದುಕೊಳ್ಳುತ್ತದೆ ಎಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಕೂತು ಬುತ್ತಿ ಬಿಚ್ಚಿ ಚೆನ್ನಾಗಿ ಉಂಡೆ. ಅದೇ ನನಗೆ ಆಮೇಲೆ ಹೆದರಿಕೆ ತಂದದ್ದು.

ನಾಲ್ಕಕ್ಕೆ ಮಂಜು ಇಳಿಯಿತು. ಮೊದಲು ಮೇಲಿನ ಹುಲ್ಲುಗಾವಲು ಹೋಯಿತು, ಆಮೇಲೆ ಕಾಡು, ಆಮೇಲೆ ಗೇಟಿನ ಕಂಬಿಗಳಾಚೆ ಬಿಳಿ ಬಿಟ್ಟರೆ ಏನೂ ಇಲ್ಲ. ಐದಾಯಿತು, ಐದೂವರೆಯಾಯಿತು. ಆರಾಯಿತು. ಅವನಿಲ್ಲ. ರಿಜಿಸ್ಟರಿನ ಪ್ರಕಾರ ಬೆಟ್ಟದ ಮೇಲೆ ನರಪಿಳ್ಳೆಯೂ ಇಲ್ಲ. ಬೀಗ ಹಾಕಿದೆ. ಶಿಳ್ಳೆ ಮೊಳೆಯಲ್ಲೇ ನೇತಾಡುತ್ತಿತ್ತು, ಮುಟ್ಟಲಿಲ್ಲ. ಎರಡು ರಿಜಿಸ್ಟರನ್ನೂ ಚೀಲಕ್ಕೆ ಹಾಕಿ ನಡೆದೆ.

ತಿರುವಿನ ತನಕ ಹೋಗಿ ಮೈಲಿಗಲ್ಲಿನ ಮೇಲೆ ಕೂತೆ. ಯಾಕೆ ಕೂತೆ ಎಂದು ಕೇಳಬೇಡ. ವಾಪಸು ಹೋಗಲೋ, ಮನೆಗೆ ಹೋಗಲೋ, ಎರಡೂ ಹೊಳೆಯಲಿಲ್ಲ. ಕಾಲು ಮುರಿದುಕೊಂಡು ಬಿದ್ದಿರಬೇಕು ಎಂದುಕೊಂಡೆ, ಹಾಗೆ ಅಂದುಕೊಂಡಾಗ ಹೊಟ್ಟೆ ತಣ್ಣಗಾಯಿತು. ಇಪ್ಪತ್ತು ನಿಮಿಷ ಹಾಗೇ ಕೂತಿದ್ದೆ. ಇನ್ನೇನು ಮನೆಯ ಕಡೆಗೇ ಎದ್ದೆ ಎನ್ನುವಾಗ ಗೇಟು ಅಲುಗಿಸುವ ಸದ್ದು ಕೇಳಿತು.

ಹಿಂದಿರುಗಿ ಹೋದೆ. ಕಂಬಿಗಳ ಹಿಂದೆ ನಿಂತಿದ್ದ. ಮೊಣಕಾಲವರೆಗೆ ಕೆಸರು, ಟೊಪ್ಪಿಯಿಲ್ಲ, ಕೋಲೂ ಇಲ್ಲ.

"ಅಬ್ಬ, ಬಂದ್ಯಾ ತಾಯಿ! ದಾರಿ ತಪ್ಪಿಬಿಟ್ಟೆ. ಬೇಗ ತೆಗಿ, ಚಳಿ."

"ಯಾರು ನೀವು?" ಎಂದೆ.

"ಯಾರು ಅಂದ್ರೆ? ಬೆಳಿಗ್ಗೆ ತಾನೇ ಹೋದ್ನಲ್ಲಮ್ಮ!"

"ಒಳಗೆ ಯಾರೂ ಇಲ್ವಲ್ಲ ಸಾರ್. ಎಲ್ಲಾ ಇಳಿದು ಹೋಗಿದ್ದಾರೆ. ಬೇಕಾದ್ರೆ ನೀವೇ ನೋಡಿ."

ಹೊಸ ರಿಜಿಸ್ಟರನ್ನು ಕಂಬಿಗೆ ಒತ್ತಿ ಟಾರ್ಚು ಬಿಟ್ಟೆ. ಬಾಗಿ ಓದಿದ. ಎರಡು ಸಲ ಓದಿದ.

"ಇದು ನನ್ನ ಸಹಿ ಅಲ್ಲ."

"ಅಲ್ವಾ? ನಿಮ್ಮದರ ಹಾಗೇ ಇದೆಯಲ್ಲ, ಒಂದು ಚೂರೂ ವ್ಯತ್ಯಾಸ ಇಲ್ಲ. ಇದನ್ನ ನೋಡಿದ ಯಾರಾದ್ರೂ ನಿಮ್ಮನ್ನ ಹುಡುಕೋಕೆ ಮೇಲೆ ಬರ್ತಾರಾ?"

ಆಮೇಲೆ ಹಳೆಯದನ್ನು ತೆಗೆದೆ. ಪುಟ ಬಿಡಿಸಿ ಹಿಡಿದೆ, ಬೆರಳಿಟ್ಟು ತೋರಿಸಲಿಲ್ಲ. ತೋರಿಸಬೇಕಾಗಲಿಲ್ಲ. ಅವನ ಮುಖದ ಬಣ್ಣ ಇಳಿದುಹೋಯಿತು ಅತ್ತಿಗೆ, ನೀನು ನೋಡಬೇಕಿತ್ತು. ಕಂಬಿ ಹಿಡಿದುಕೊಂಡು ಹಾಗೇ ಕೆಳಗೆ ಕೂತ.

"ಗೆದ್ದಲು ಅಂದಿದ್ರಿ..."

"ಅಂದಿದ್ದೆ."

"ನೀನು ಅವನ ತಂಗಿ."

"ಮೂರನೇ ದಿನ ನಿಮ್ಮ ಬಾಗಿಲಿಗೆ ಬಂದಿದ್ದೆ. ನೀವು ಕೈ ಒರೆಸ್ಕೋತಾ ಇದ್ರಿ. ಆ ಹೊತ್ತಿಗೆ ಅವನು ಬದುಕಿದ್ದ. ನಿಮಗೆ ಗೊತ್ತಿತ್ತಾ? ಅಷ್ಟು ಹೇಳಿ ಸಾಕು."

ಕಂಬಿಗೆ ಹಣೆ ಆನಿಸಿದ. ಆಮೇಲೆ ಬಾಯಿಬಿಟ್ಟ. ಸಹಿ ಹಾಕಿದ ಸಂಜೆ ಅವನಿಗೆ ಏನೂ ಅನಿಸಿರಲಿಲ್ಲವಂತೆ, ಎಂದಿನ ಹಾಗೆ ಮೋರಿಯಿಂದ ಬರುತ್ತಾನೆ ಎಂದುಕೊಂಡನಂತೆ. ನಾನು ಹೋದಾಗಲೇ ಗೊತ್ತಾದದ್ದು. "ಹೇಳಿದ್ರೆ ಕಳ್ಳ ಸಹಿ ಹೊರಗೆ ಬರ್ತಿತ್ತು. ಕೆಲಸ ಹೋಗ್ತಿತ್ತು. ನಾಳೆ ನಾನೇ ಹೋಗಿ ನೋಡ್ತೀನಿ ಅಂದ್ಕೊಂಡೆ ಕಣಮ್ಮ. ನಾಳೆ, ನಾಳೆ ಅಂತ..."

"ಹೋದ್ರಾ?"

"ಇಲ್ಲ."

ಎಂಥ ಸಣ್ಣ ಮಾತು ನೋಡು. ಎಂಟು ವರ್ಷ ನಾನು ಏನೇನೋ ಊಹಿಸಿಕೊಂಡಿದ್ದೆ, ಇಬ್ಬರಿಗೂ ಜಗಳವಾಗಿತ್ತೇನೋ, ಹೊಟ್ಟೆಕಿಚ್ಚೇನೋ, ತಳ್ಳಿಯೇ ಬಿಟ್ಟನೇನೋ ಎಂದು. ಏನೂ ಇಲ್ಲ. ಕೆಲಸ ಹೋಗುತ್ತದೆಂದು ಒಬ್ಬ ಮನುಷ್ಯನನ್ನು ಬೆಟ್ಟದ ಮೇಲೆ ಬಿಟ್ಟ. ದ್ವೇಷವಾದರೂ ಇದ್ದಿದ್ದರೆ ನಾನು ಅವನನ್ನು ಇಷ್ಟು ಅಸಹ್ಯಪಡುತ್ತಿರಲಿಲ್ಲ.

ಕಂಬಿಯ ಸಂದಿಯಿಂದ ಪೆನ್ನು ಕೊಟ್ಟೆ. ಷರಾ ಅಂಕಣ ತೋರಿಸಿದೆ. "ಬರೀರಿ. ಬರೆದು ಮುಗಿದ್ಮೇಲೆ ಬೀಗ." ಬರೆದ. ಕೊನೆಯ ಸಾಲು ನಾನು ಹೇಳಿ ಬರೆಸಿದೆ, ಅದು ನಿನಗೆ. ಗೇಟು ತೆಗೆದಾಗ ನನ್ನ ಮುಖ ನೋಡಲಿಲ್ಲ, ಗೋಡೆ ಹಿಡಿದುಕೊಂಡು ಕೆಳಗೆ ನಡೆದ. ಅವನ ಪುಸ್ತಕದ ಅರ್ಪಣೆಯ ಹಾಳೆ ಹರಿದು ಒಲೆ ಹೊತ್ತಿಸಿದೆ.

ನಕಲು ಜೊತೆಗಿಟ್ಟಿದ್ದೇನೆ.

ನಾದಿನಿ


ಷರಾ: ಈ ಸಾಲಿನ "ಹೊರಗೆ" ಸಹಿ ನಾನು ಹಾಕಿದ್ದು. ಅವನು ಇಳಿದಿರಲಿಲ್ಲ. ಮೂರನೇ ದಿನ ಅವನ ತಂಗಿ ಬಂದು ಕೇಳಿದಾಗ ಅವನು ಬೆಟ್ಟದ ಮೇಲೇ ಇದ್ದಾನೆಂದು ನನಗೆ ತಿಳಿಯಿತು. ಸುಳ್ಳು ಹೇಳಿದೆ. ಹುಡುಕಲು ಹೋಗಲಿಲ್ಲ. ಅವನು ತನ್ನ ಹೆಂಡತಿಯನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.
ಸಹಿ, ಸೆಪ್ಟೆಂಬರ್ ೧೫


ಅಕ್ಟೋಬರ್ ೪

ತಂಗಿ,

ಅಂಗಡಿಯಲ್ಲಿ ಅಳತೆ ಟೇಪು ನೇತುಹಾಕುವ ಮೊಳೆಗೆ ಆ ನಕಲನ್ನು ಸಿಕ್ಕಿಸಿದ್ದೇನೆ. ಬಂದವರು ಓದುತ್ತಾರೆ. ಅಂದು ಬೆನ್ನ ಹಿಂದೆ ನಕ್ಕವಳೊಬ್ಬಳು ಮೊನ್ನೆ ರವಿಕೆ ಅಳತೆ ಕೊಡಲು ಬಂದಿದ್ದಳು. ಓದಿದಳು, ಕೈ ಮೇಲೆತ್ತಿದ್ದು ಹಾಗೇ ನಿಂತಿತು. ನಾನು ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡೆ. ಎಷ್ಟು ಹಿತವಾಗಿತ್ತು ಗೊತ್ತಾ.

ಮೊದಲ ದಿನ ಅತ್ತೆ. ಎರಡನೇ ದಿನ ಸಿಟ್ಟು ಬಂತು: ಇಷ್ಟೇ ಇಷ್ಟಕ್ಕೆ ಇಷ್ಟೊಂದು ವರ್ಷವೇ? ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಮೈಲಿಗಲ್ಲಿನ ಮೇಲೆ ಕೂತದ್ದನ್ನು ಬರೆದಿದ್ದೀಯ. ಅವನು ಬಾರದಿದ್ದರೆ ಶಿಳ್ಳೆ ಊದುತ್ತಿದ್ದೆಯಾ ಎಂದು ನಾನು ಕೇಳುವುದಿಲ್ಲ. ನಾನಾಗಿದ್ದರೆ ಊದುತ್ತಿರಲಿಲ್ಲ. ನೀನೊಬ್ಬಳೇ ಅಲ್ಲ ಎಂದು ತಿಳಿಯಲಿ, ಅದಕ್ಕೆ ಬರೆದೆ.

ಚಳಿಗಾಲಕ್ಕೆ ನಿನಗೊಂದು ಕೋಟು ಹೊಲಿಯುತ್ತಿದ್ದೇನೆ. ಎರಡು ತೋಳೂ ಸರಿಯಾಗಿವೆ.

ಅತ್ತಿಗೆ


ನವೆಂಬರ್ ೧೧

ಗುಮಾಸ್ತೆಯವರಿಗೆ,

ಆ ಪುಟವನ್ನು ದೊಡ್ಡದು ಮಾಡಿಸಿ ಗೇಟಿನಲ್ಲಿ ಗಾಜು ಹಾಕಿ ತೂಗುಹಾಕಿದ್ದೀರಂತೆ. ಬೆಟ್ಟ ನೋಡಲು ಬರುವವರೆಲ್ಲ ಅದನ್ನು ಓದಿ ಆಮೇಲೆ ಸಹಿ ಹಾಕುತ್ತಾರಂತೆ. ನನ್ನ ವಿದ್ಯಾರ್ಥಿಗಳೂ ಓದಿ ಬಂದಿದ್ದಾರೆ. ತರಗತಿಯಲ್ಲಿ ಹಾಜರಿ ಪುಸ್ತಕ ತೆರೆದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ತಂಗುದಾಣದ ಮಾತು ನಿಂತುಹೋಯಿತು. ಮನೆಯಲ್ಲಿ ಹೆಂಡತಿ ಊಟಕ್ಕೆ ಬಡಿಸುತ್ತಾಳೆ, ಎದುರಿಗೆ ಕೂರುವುದಿಲ್ಲ.

ಇದೆಲ್ಲ ನನಗೆ ಸಲ್ಲಬೇಕಾದ್ದೇ, ಒಪ್ಪುತ್ತೇನೆ. ಆದರೆ ಇನ್ನೂ ಎಷ್ಟು ದಿನ? ದಯವಿಟ್ಟು ಅದನ್ನು ಇಳಿಸಿ. ನಿಮ್ಮ ಕಾಲಿಗೆ ಬೇಕಾದರೂ ಬೀಳುತ್ತೇನೆ. ಕ್ಷಮೆ ಕೇಳಲು ಎಲ್ಲಿಗೆ ಬರಲಿ, ಹೇಳಿ. ನೀವು ಕರೆದಲ್ಲಿಗೆ ಬರುತ್ತೇನೆ.

ನೊಂದ,
ಪ್ರಾಧ್ಯಾಪಕ


ನವೆಂಬರ್ ೧೯

ಮಾನ್ಯರೇ,

ತಮ್ಮ ಕಾಗದ ತಲುಪಿತು.

ಗಾಜಿನ ಚೌಕಟ್ಟು ಗಟ್ಟಿ ಮರದ್ದು. ಗೆದ್ದಲು ಹಿಡಿಯುವುದಿಲ್ಲ.

ಕ್ಷಮಿಸಲು ನಾನು ಯಾರು? ತಾವು ಬಿಟ್ಟು ಬಂದದ್ದು ನನ್ನನ್ನಲ್ಲ. ಕೇಳುವುದಿದ್ದರೆ ಮೇಲಿನ ಹುಲ್ಲುಗಾವಲಿಗೆ ಹೋಗಿ, ಆ ಬಂಡೆಯ ಕೆಳಗೆ ಕೂತು ಅವನನ್ನೇ ಕೇಳಿ. ತಮಗೆ ದಾರಿ ಗೊತ್ತು.

ಪರ್ಮಿಟ್ಟು ಇದರ ಜೊತೆಗೇ ಇಟ್ಟಿದ್ದೇನೆ. ತಾರೀಕು ಖಾಲಿ ಬಿಟ್ಟಿದ್ದೇನೆ, ತಮಗೆ ಧೈರ್ಯ ಬಂದ ದಿನ ತುಂಬಿಕೊಳ್ಳಿ. ಗೇಟಿನಲ್ಲಿ ನಾನೇ ಇರುತ್ತೇನೆ.

ಇತಿ,
ಅವನ ತಂಗಿ